ಉಚ್ಚೆಂಗೆಮ್ಮ ಇನ್ನೂ ಮುಗಿಸಿಲ್ಲ

೧೩ ನವೆಂಬರ್ ೧೯೬೧, ಹರಿಹರ
ಬೋರ್ಡಿಗೆ ಇದ್ದಿಲು, ತೊಂಡೆಸೊಪ್ಪಿನ ರಸ ಬಳಿಸಿದ್ದಾಯಿತು. ಇಪ್ಪತ್ತಮೂರಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರಂತೆ. ನನ್ನ ಕೆಲಸ ಖಾಯಂ ಆಗುವುದು ಅವರ ರಿಪೋರ್ಟಿನ ಮೇಲೆ.

ನಾಲ್ಕನೇ ಕ್ಲಾಸಿನ ಉಚ್ಚೆಂಗೆಮ್ಮ ಇವತ್ತೂ ಮೊದಲ ಅಕ್ಷರದಲ್ಲೇ ತೊದಲಿ ನಿಂತಳು. ಉಳಿದ ಮಾತು ನಾನೇ ಹೇಳಿ ಕೂರಿಸಿದೆ. ಪಾಪ ಅನ್ನಿಸಿತು... ಬೇಸರವೂ ಬಂತು, ಸುಳ್ಳೇಕೆ.

೧೬ ನವೆಂಬರ್
ಹೆಡ್‌ಮಾಸ್ಟರ್ ಮುರುಗೇಶಪ್ಪನವರ ಸಲಹೆ: "ಆ ಹುಡುಗೀನ ಅವತ್ತು ಮನ್ಯಾಗೇ ಇರು ಅನ್ರಿ. ನಿಮಗ್ಯಾಕ ಬೇಕು ಉಸಾಬರಿ?"

ಉಚ್ಚೆಂಗೆಮ್ಮನಿಗೆ ಹಾಗೇ ಹೇಳಿಬಿಟ್ಟೆ. ತಲೆಯಾಡಿಸಿದಳು.

೧೮ ನವೆಂಬರ್, ಸಂಜೆ
ಅವಳ ತಾಯಿ ಅಂಜಿನವ್ವ ಮಗಳನ್ನು ಕರೆದುಕೊಂಡು ಬಂದಳು. "ನಾಲಿಗಿಗೆ ಬಜೆ ಬೇರು ತೇದು ಹಚ್ಚು ಅಂತ ಆವಾಗ ನೀವೇ ಅಂದ್ರಿ, ಹಚ್ಚಿದೆ. ಉರಿ ಆತು, ಮಾತು ಬರ್ಲಿಲ್ಲ. ಈಗ ಬಚ್ಚಿಡು ಅಂತೀರಿ. ನನ್ನ ಮಗಳೇನು ಕದ್ದ ಮಾಲೇನ್ರಿ ಮೇಷ್ಟ್ರೇ?"

ಮಗಳೆಂದಳು: "ನೀ... ನೀವು ಮು... ಮುಂದೆ ಹೇಳಬ್ಯಾಡ್ರಿ. ನನಗ ಗೊ... ಗೊ..."

"ಗೊತ್ತೈತೆ" ಎಂದೆ. ಥೂ ನನ್ನ ಬಾಯಿಗಿಷ್ಟು! ಬೇಡ ಎನ್ನುತ್ತಿರುವಾಗಲೇ ಬಾಯಿ ಹಾಕಿದೆ. ನಾಚಿಕೆಯಾಯಿತು. ಇನ್‌ಸ್ಪೆಕ್ಟರ್ ಬರುವ ದಿನ ನೀನೂ ಬಾರಮ್ಮ ಎಂದೆ. ಆಮೇಲೆ ಭಯ ಶುರು.

೨೩ ನವೆಂಬರ್
ಇನ್‌ಸ್ಪೆಕ್ಟರ್ ನೆಟ್ಟಗೆ ಅವಳನ್ನೇ ಎಬ್ಬಿಸಿದರು. "ನಿಮ್ಮೂರ ಹೊಳೆ ಯಾವುದಮ್ಮ?"

"ತು... ತು..."

ಯಾರೋ ಕಿಸಕ್ಕೆಂದರು. ಕಣ್ಣು ಬಿಟ್ಟೆ, ಸುಮ್ಮನಾದರು. ಸಾಹೇಬರು ವಾಚು ನೋಡಿಕೊಂಡರು. "ಸಾಕು, ಕೂತ್ಕೋ. ನೆಕ್ಸ್ಟ್!"

ನನ್ನ ಬಾಯಿಂದ ಹೇಗೆ ಬಂತೋ— "ಸಾರ್, ಅವಳು ಇನ್ನೂ ಮುಗಿಸಿಲ್ಲ. ಸ್ವಲ್ಪ ಕಾಯ್ರಿ."

ಉತ್ತರ ನನ್ನ ನಾಲಿಗೆ ತುದಿಯಲ್ಲೇ ಕುಣಿಯುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ.

"ತು... ತುಂಗಭದ್ರಾ. ಹೊ... ಹೊಳಿ ತುಂಬಿದ್ರೆ ನಮ್ಮವ್ವ ಬಟ್ಟಿ ಒಗಿಯಾಕ ಹೋಗಲ್ರಿ."

ಕೇಳದ್ದನ್ನೂ ಹೇಳಿದಳು! ಸಾಹೇಬರು ನಗಲಿಲ್ಲ. ನನ್ನ ಹೆಸರು ಕೇಳಿ ಬರೆದುಕೊಂಡರು.

೬ ಡಿಸೆಂಬರ್
ರಿಪೋರ್ಟ್ ಬಂತು. "ಮೇಲಧಿಕಾರಿಗಳೆದುರು ವಿನಯ ಸಾಲದು." ಖಾಯಂ ಇಲ್ಲ. ಇನ್ನೊಂದು ವರ್ಷ ಟೆಂಪರರಿ. ದಾವಣಗೆರೆಗೆ ಹೋಗಿ ಅಪ್ಪನಿಗೆ ಏನಂತ ಹೇಳಲಿ... ಅವಳ ಮೇಲೂ ಒಂದು ಗಳಿಗೆ ಸಿಟ್ಟು ಬಂತು. ಛೇ.

೭ ಡಿಸೆಂಬರ್, ನಾಲ್ಕೂಮುಕ್ಕಾಲು
ಶಾಲೆ ಬಿಟ್ಟಿದೆ. ಐದರ ರೈಲು ಹಿಡಿಯಬೇಕು. ಅಪ್ಪ ಕಾಯುತ್ತಿರುತ್ತಾರೆ.

ಉಚ್ಚೆಂಗೆಮ್ಮ ಬಾಗಿಲಲ್ಲಿ ನಿಂತಿದ್ದಾಳೆ. "ಮೇ... ಮೇ..." ಏನೋ ಹೇಳುವುದಿದೆ. ಉದ್ದದ ಮಾತೇ ಇರಬೇಕು. ಹೋದರೆ ಹೋಗಲಿ ರೈಲು. ಪೆನ್ನು ಕೆಳಗಿಡುತ್ತೇನೆ.