ಉಣ್ಣೆಯ ಉಂಡೆಗಳು

ಸೇಂಟ್ ಜೋಸೆಫ್, ಮಿಸೌರಿ
ಮಾರ್ಚ್ 14, 2011

ಪ್ರೀತಿಯ ತಂಗಿ ಅರ್ಲೀನ್‌ಗೆ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ಗಂಡ ಡ್ವೇನ್ ಸಕ್ಕರೆ ಕಾಯಿಲೆ ಇಟ್ಟುಕೊಂಡು ಇನ್ನೂ ಕದ್ದು ಪೈ ತಿನ್ನುತ್ತಾನೆಯೇ? ಪುಟ್ಟ ಕೋರಾಳ ಕೆಮ್ಮು ನಿಂತಿತೇ? ನಾನು ಗಟ್ಟಿಯಾಗಿದ್ದೇನೆ. ಯಾರೂ ನಂಬುತ್ತಿಲ್ಲ, ಅಷ್ಟೇ.

ಅಮ್ಮ ನದಿದಂಡೆಯ ಕ್ಯಾಸಿನೊದಲ್ಲಿ ಎಲ್ಲ ಕಳೆದುಕೊಂಡಳು ಎಂದು ಲೈಲ್ ನಿನಗೆ ಫೋನ್ ಮಾಡಿ ಅತ್ತನಂತೆ. ನನ್ನ ಮಗ ಬಲು ಒಳ್ಳೆಯವನು, ತೊಂದರೆಯೇ ಅದು. ನಾನು ಸೋತಿಲ್ಲ ಅರ್ಲೀನ್. ನಿನ್ನ ಭಾವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೇ ಆ ಬ್ಲ್ಯಾಕ್‌ಜಾಕ್ ಮೇಜು. ಬಿದ್ದ ಇಸ್ಪೀಟೆಲೆಗಳ ಲೆಕ್ಕವನ್ನು ಮನಸ್ಸಿನಲ್ಲೇ ಇಡುತ್ತೇನೆ. ಸಣ್ಣ ಎಲೆಗಳು ಖರ್ಚಾಗಿ ದೊಡ್ಡವು ಉಳಿದಾಗ ಪಣ ಏರಿಸುತ್ತೇನೆ. ಇದು ಕಳ್ಳತನವಲ್ಲ. ಆದರೂ ಗೊತ್ತಾದರೆ ಹೊರಗೆ ಹಾಕಿ, ನನ್ನ ಫೋಟೋವನ್ನು ಊರೂರಿನ ಕ್ಯಾಸಿನೊಗಳಿಗೆ ಹಂಚುತ್ತಾರೆ.

ಅದಕ್ಕೇ ಪೆದ್ದಿಯ ವೇಷ ಹಾಕಿದ್ದು. ಹೆಣಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು, "ಹದಿನೇಳಾಯ್ತು, ಇನ್ನೊಂದು ಎಲೆ ತಗೊಳ್ಳಲೇನಪ್ಪಾ?" ಎಂದು, ಇಪ್ಪತ್ತೊಂದು ದಾಟಿದರೆ ಸೋಲೆಂಬುದೂ ತಿಳಿಯದವಳಂತೆ ಎಲೆ ಹಂಚುವವನನ್ನೇ ಕೇಳುತ್ತಿದ್ದೆ. ಗೆದ್ದ ಹಣದ ಬಿಲ್ಲೆಗಳನ್ನು ಸದ್ದಿಲ್ಲದೆ ಚೀಲಕ್ಕೆ ಜಾರಿಸಿ, "ಇವತ್ತೂ ಹೋಯ್ತು" ಎಂದು ನಿಟ್ಟುಸಿರುಬಿಟ್ಟು ಏಳುತ್ತಿದ್ದೆ. ಮುಂದೆ ಯಾವಾಗಲೋ ಸ್ವಲ್ಪ ಸ್ವಲ್ಪವೇ ನಗದು ಮಾಡಿಕೊಳ್ಳುತ್ತಿದ್ದೆ. ಹಾಗಾಗಿ ಕ್ಯಾಸಿನೊದವರ ಲೆಕ್ಕದಲ್ಲಿ ನಾನು ಒಂದು ಮನೆಯಷ್ಟು ಹಣ ಸೋತವಳು.

ಆ ಲೆಕ್ಕ ನೋಡಿದವನು ಮೇಜುಗಳ ಮೇಲ್ವಿಚಾರಕ ಕರ್ಟಿಸ್. ಅವನ ತಾಯಿ ಜೂಜಿನ ಯಂತ್ರಗಳಿಗೆ ಮನೆಯನ್ನೇ ಸುರಿದವಳು. ಅವನು ಕ್ಷೌರ ಮಾಡಿಸಿಕೊಳ್ಳುವುದೋ ನಮ್ಮ ಲೈಲ್‌ನ ಅಂಗಡಿಯಲ್ಲಿ! ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಕೂತವನು ಮರುಕ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ.

ಇಬ್ಬರೂ ನನ್ನ ಅಡುಗೆಮನೆಗೆ ಬಂದರು. ಕರ್ಟಿಸ್ ಒಂದು ಪಾತ್ರೆ ಸೂಪ್ ತಂದಿದ್ದ. ಲೈಲ್ ಒಂದು ಕಾಗದ ತಂದಿದ್ದ. ಇನ್ನು ಬದುಕಿರುವವರೆಗೆ ಈ ರಾಜ್ಯದ ಯಾವ ಕ್ಯಾಸಿನೊಗೂ ಕಾಲಿಡೆನೆಂದು ನಾನು ಸಹಿ ಹಾಕಬೇಕು.

"ಹಾಕಮ್ಮ. ಇಲ್ಲಾಂದ್ರೆ ನಾಳೆನೇ ವಕೀಲರ ಹತ್ರ ಹೋಗ್ತೀನಿ. ಕೋರ್ಟಿಂದ ಅಪ್ಪಣೆ ತಂದು, ಈ ಮನೆ ಮಾರಿ, ನಿನ್ನ ವೃದ್ಧಾಶ್ರಮಕ್ಕೆ ಸೇರಿಸ್ತೀನಿ" ಅಂದ ಲೈಲ್.

ಕರ್ಟಿಸ್ ಕೈ ತೊಳೆಯಲು ಹೋದಾಗ, "ನಾನು ಗೆದ್ದಿದೀನಿ ಕಣೋ" ಎಂದು ಪಿಸುಗುಟ್ಟಿದೆ.

ಅವನು ನನ್ನ ಕೈ ಹಿಡಿದುಕೊಂಡ. "ಗೆದ್ದೆ ಅಂತ ನಿಂಗನ್ಸುತ್ತಮ್ಮ. ಕರ್ಟಿಸ್ ತಾಯೀನೂ ಹಾಗೇ ಅಂತಿದ್ರಂತೆ."

ಚೀಲ ಬಾಗಿಲ ಹಿಂದೆಯೇ ನೇತಾಡುತ್ತಿತ್ತು. ಅವನೆದುರು ಸುರಿದುಬಿಡಬಹುದಿತ್ತು. ಆದರೆ ಕ್ಷೌರಿಕನಿಗೆ ಬೆಳಗ್ಗೆ ತಿಳಿದದ್ದು ಮಧ್ಯಾಹ್ನದೊಳಗೆ ಊರಿಗೆಲ್ಲ ತಿಳಿಯುತ್ತದೆ. ಸಹಿ ಹಾಕಿದೆ. ಕರ್ಟಿಸ್ ನನ್ನನ್ನು ಅಪ್ಪಿಕೊಂಡು, "ನಮ್ಮಮ್ಮನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ, ನಿಮ್ಮನ್ನಾದ್ರೂ ಉಳಿಸ್ಕೊಂಡ್ವಿ ವರ್ನಮ್ಮ" ಎಂದು ಬಿಕ್ಕಿದ. ಕ್ಯಾಸಿನೊದ ಅಷ್ಟೂ ಕ್ಯಾಮೆರಾಗಳ ಕಣ್ಣು ತಪ್ಪಿಸಿದವಳು ಒಬ್ಬನ ಕನಿಕರಕ್ಕೆ ಸಿಕ್ಕಿಬಿದ್ದೆ.

ಈಗ ಮಂಗಳವಾರ ಬಂತೆಂದರೆ ಚರ್ಚಿನ ನೆಲಮಾಳಿಗೆಯಲ್ಲಿ ಜೂಜು ಬಿಟ್ಟವರ ಸಭೆ. ಲೈಲ್ ಕರೆದುಕೊಂಡು ಹೋಗಿ ಕೂರಿಸುತ್ತಾನೆ. ನಾನು ಎದ್ದು ನಿಂತು, ಸೋಲದೇ ಇದ್ದ ಸೋಲುಗಳನ್ನು ಹೇಳಿಕೊಂಡೆ. ಎಲ್ಲರೂ ಕಣ್ಣೊರೆಸಿಕೊಂಡರು. ಮೊದಲು ಮೇಜಿನಿಂದೆದ್ದರೆ ವೇಷ ಕಳಚುತ್ತಿತ್ತು. ಈಗ ಅದು ನನ್ನ ಜೊತೆ ಮನೆಗೆ ಬಂದು, ನನ್ನ ತಟ್ಟೆಯಲ್ಲೇ ಉಣ್ಣುತ್ತಿದೆ. ಚೆಕ್ ಪುಸ್ತಕ, ಕಾರಿನ ಕೀಲಿ ಎರಡೂ ಲೈಲ್‌ನ ಜೇಬಿನಲ್ಲಿವೆ. ಇದೀಗ ಎದುರಿಗೇ ಕೂತಿದ್ದಾನೆ. ನಾನು ಪಶ್ಚಾತ್ತಾಪ ಬರೆಯುತ್ತಿದ್ದೇನೆಂದು ತಿಳಿದು, ತಲೆಯೆತ್ತಿದಾಗಲೆಲ್ಲ ನಗುತ್ತಾನೆ. ನಾನೂ ನಗುತ್ತೇನೆ.

ಎಲ್ಲರಿಗೂ ನನ್ನ ಮುದ್ದು.

ನಿನ್ನ ಅಕ್ಕ,
ವರ್ನಾ

ಮರೆತಿದ್ದೆ: ಉಣ್ಣೆಯ ಉಂಡೆಗಳ ಪಾರ್ಸೆಲ್ಲು ಬರುತ್ತದೆ. ಲೈಲೇ ಹೊತ್ತುಕೊಂಡು ಹೋಗಿ ಅಂಚೆಗೆ ಹಾಕುತ್ತಾನಂತೆ, ಪಾಪ. ಭಾರವಿದೆ, ಬಾಗಿಲು ಹಾಕಿಕೊಂಡು ಬಿಚ್ಚು, ಡ್ವೇನ್‌ನ ಮುಂದೆ ಬೇಡ. ಇಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ; ಬಂದಾಗ ಉಂಡೆಗಳೊಳಗಿನದನ್ನು ಒಂದಿಷ್ಟೊಂದಿಷ್ಟು ನಗದು ಮಾಡಿಸು. ಇನ್ನೊಂದು ಮಾತು. ನಾನು ಸಹಿ ಹಾಕಿದ ಕಾಗದ ನಿಮ್ಮ ಅಯೋವಾದಲ್ಲಿ ನಡೆಯುವುದಿಲ್ಲ. ನಿಮ್ಮೂರಿನ ನದಿದಂಡೆಯ ಕ್ಯಾಸಿನೊದಲ್ಲಿ ಎರಡು ಕಟ್ಟು ಎಲೆ ಸೇರಿಸಿ ಆಡಿಸುತ್ತಾರೋ, ಆರು ಕಟ್ಟೋ ನೋಡಿಕೊಂಡು ಬಂದು ಬೇಗ ಬರೆ; ಕಟ್ಟು ಕಡಿಮೆಯಿದ್ದಷ್ಟೂ ನನ್ನ ಲೆಕ್ಕ ಸುಲಭ. ನಾನು ಬರೆದದ್ದನ್ನು ಲೈಲ್ ಮುಟ್ಟುವುದಿಲ್ಲ, ಆದರೆ ನನಗೆ ಬರುವ ಕಾಗದಗಳನ್ನು ಒಡೆದು ಓದುತ್ತಾನೆ. ಹೆಣಿಗೆಯ ಮಾತೆಂಬಂತೆ ಬರೆ: ಎರಡೆಳೆಯ ಉಣ್ಣೆಯೋ, ಆರೆಳೆಯದೋ, ಅಷ್ಟು ಸಾಕು.