ಉಡಿ ತುಂಬಿಸಿಕೊಂಡು ಬಂದ ಸಭೆ

ಪ್ರೀತಿಯ ಅಲ್ಮಾಸ,

ನೀನು ಫೋನ್ ಎತ್ತುತ್ತಿಲ್ಲ. ಎತ್ತು ಎಂದು ನಾನು ಹಟ ಮಾಡುವುದೂ ಇಲ್ಲ. ಈ ಕಾಗದವನ್ನು ನಿನ್ನ ತಾಯಿ ಹಜರಾಬಿಯವರ ಕೈಗೆ ಕೊಟ್ಟು ಬರುತ್ತೇನೆ. ಮನಸ್ಸಾದರೆ ಓದು, ಇಲ್ಲದಿದ್ದರೆ ನಿಮ್ಮ ಅಂಗಡಿಯ ಲಿಂಬೆಹಣ್ಣಿನ ಚೀಲದ ತಳಕ್ಕೆ ಹಾಕು. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಆದರೆ ರಾಜ್ಯಮಟ್ಟದ ಖೋ-ಖೋ ಟೂರ್ನಿಗೆ ನಿಮ್ಮ ತಂಡ ಯಾಕೆ ಹೋಗಲಿಲ್ಲ ಎಂಬುದನ್ನು ನೀನು ಊರವರ ಬಾಯಿಂದ ಕೇಳಬಾರದು. ಆ ಸಭೆಯ ದಿನ ನಾನು ಅಲ್ಲಿದ್ದೆ. ನಾನೇ ಹೇಳಬೇಕು.

ಮದುವೆಯಾಗಿ ಹುಬ್ಬಳ್ಳಿಯಿಂದ ಇಂಡಿಗೆ ಬಂದ ಹೊಸದರಲ್ಲಿ ನನಗೆ ಕಂಡದ್ದೆಲ್ಲ ಚೆಂದ. ಅರುಣ ಓಣಿಯ ತುದಿಯಿಂದಲೇ ಬೈಕಿನ ಹಾರ್ನ್ ಹೊಡೆಯುತ್ತ ಬರುವುದು ಚೆಂದ, ಅತ್ತೆ ಸೇಂಗಾ ಹಿಂಡಿ ಕುಟ್ಟುವ ಸಪ್ಪಳ ಚೆಂದ, ಬಿಸಿಲು ಕೂಡ ಚೆಂದ. ಅರುಣನ ಬೈಕಿನ ಹಿಂದೆ ಕೂತು ಸುತ್ತುವಾಗಲೇ ಒಂದು ಸಂಜೆ ಬಯಲಿನಲ್ಲಿ ನಿನ್ನನ್ನು ಕಂಡೆ. ಕಂಬದ ಹತ್ತಿರ ಹೀಗೆ ಬಂದವಳು ನೀನು ಹಾಗೆ ತಿರುಗಿಬಿಟ್ಟೆ. ಬೆನ್ನಟ್ಟಿ ಬಂದ ಹುಡುಗಿ ಮಣ್ಣಿನಲ್ಲಿ ಬಿದ್ದಿದ್ದಳು, ನೀನು ಆಚೆ ಬದಿಯಲ್ಲಿ ನಿಂತು ಓಢಣಿ ಸರಿಮಾಡಿಕೊಳ್ಳುತ್ತಿದ್ದೆ. ಬೈಕ್ ನಿಲ್ಲಿಸಿ ಎಂದು ಅರುಣನ ಭುಜ ಹಿಡಿದು ಅಲುಗಾಡಿಸಿದೆ. ಮರುದಿನ ನಾನೂ ಬಂದು ನಿಮ್ಮ ಸಾಲಿನಲ್ಲಿ ಕೂತೆ. ಖೋ ಸಿಗುವ ಮೊದಲೇ ಎದ್ದು ಓಡಿದ್ದಕ್ಕೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ವೈನಿ, ಬೆನ್ನಿಗಿ ಕೈ ಬೀಳೂತನಾ ಕುಂಡ್ರಬೇಕ್ರಿ. ನಿಮ್ಮನ್ನ ಯಾರ ಕರದಾರಂತ ಎದ್ರಿ?" ಹೊಸ ಊರಿನಲ್ಲಿ ಅತ್ತಿಗೆ ಎಂದು ಕರೆಯುತ್ತಲೇ ನನಗೆ ಸಿಕ್ಕ ಮೊದಲ ಗೆಳತಿ ನೀನು.

ಅದೇ ತಿಂಗಳು ಶಂಕ್ರೆಪ್ಪ ಕಾಕಾ ಮನೆಗೆ ಬಂದರು. ಅವರು ಅರುಣನ ತಂದೆಯ ತಮ್ಮ, ನಾಲ್ಕು ತಾಲೂಕು ಸೇರಿದ ಖೋ-ಖೋ ಮಂಡಳಿಯ ಕಾರ್ಯದರ್ಶಿ. ಚಹಾದ ಕಪ್ಪು ಕೆಳಗಿಟ್ಟು, "ಮಂಡಳ್ಯಾಗ ಮೂರನೇ ಪಾಲು ಹೆಣ್ಮಕ್ಕಳು ಇರಬೇಕಂತ ಮ್ಯಾಲಿಂದ ಹುಕುಂ ಬಂದೈತಿ. ಎಲ್ಲಿಂದ ತರೂಣು? ಮನ್ಯಾಗಿನವ್ರ ಹೆಸರು ಹಾಕೂದು" ಎಂದರು. ಅಧ್ಯಕ್ಷರ ಹೆಂಡತಿ ಯಲ್ಲವ್ವ, ಸಿಂದಗಿ ಮತ್ತು ಮುದ್ದೇಬಿಹಾಳದ ಸದಸ್ಯರ ಹೆಂಡಂದಿರು, ಇಂಡಿಯಿಂದ ನಾನು. ಬಸವನ ಬಾಗೇವಾಡಿಗೆ ಮಾತ್ರ ಅಂಥ ಹೆಂಡತಿ ಯಾರೂ ಸಿಗಲಿಲ್ಲವಂತೆ, ಹಾಗಾಗಿ ಆಟದ ಟೀಚರ್ ವಿದ್ಯಾವತಿ ಸೇರಿದರು. ಹುಡುಗಿಯಾಗಿದ್ದಾಗ ರಾಜ್ಯಕ್ಕೆ ಆಡಿದವರು, ಈಗ ಗಂಡನಿಲ್ಲದವರು.

ನಾನಂತೂ ಕುಣಿದಾಡಿದೆ. ಅರುಣ ಪೇಡೆ ತಂದರು. ನಿನ್ನ ತಂದೆ ಮಲಿಕಸಾಬರ ಮಾತು ನನಗೆ ಗೊತ್ತಿತ್ತಲ್ಲ: "ಸಂಗಾಟ ಮ್ಯಾನೇಜರ್ ಅಂತ ಒಬ್ಬಾಕಿ ಹೆಣ್ಣಮಗಳು ಬಂದ್ರ ಕಳಸ್ತೇನಿ. ಬರೇ ಗಂಡಸರ ಕೂಡ ಪರ ಊರಿಗಿ ಕಳಸಾಂಗಿಲ್ಲ." ತಂಡದ ಇನ್ನೂ ಕೆಲವು ಮನೆಗಳಲ್ಲಿ ಅದೇ ಮಾತು. ನಿನಗೆ ಬಾಲಕಿಯರ ವಿಭಾಗದಲ್ಲಿ ಇದು ಕೊನೆಯ ವರ್ಷ. ಮ್ಯಾನೇಜರ್ ಆಗಿ ನಾನೇ ಬರುತ್ತೇನೆ, ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ ಎಂದೆ. "ಖರೇನ, ವೈನಿ?" ಎಂದು ನೀನು ನನ್ನ ಎರಡೂ ಕೈ ಹಿಡಿದುಕೊಂಡೆ.

ಸಭೆ ಮನಗೂಳಿಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ನಾನು ಮದುವೆಯ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಹಾಜರಿಯ ಸಹಿ ಆಯಿತು, ಸ್ವಾಗತ ಆಯಿತು. ಆಮೇಲೆ ಕಾಕಾ, "ನಮ್ಮ ಹೆಣ್ಮಕ್ಕಳು ಮೊದಲನೇ ಸಲ ಮಂಡಳಿಗಿ ಬಂದಾರ, ಬರಿಗೈಲೆ ಕಳಸೂದ ಹೆಂಗ?" ಎಂದರು. ನಮ್ಮನ್ನು ಸಾಲಾಗಿ ಕೂರಿಸಿದರು. ಅಂಗಡಿಯವರ ಮನೆಯ ಹೆಂಗಸರು ಬಂದು ಕುಂಕುಮ ಹಚ್ಚಿ ಉಡಿ ತುಂಬಿದರು: ಕುಪ್ಪಸದ ಬಟ್ಟೆ, ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು. ತವರಿನಲ್ಲಿ ಕಳಿಸಿಕೊಡುವಂತೆಯೇ ಎನ್ನಿಸಿ ನನಗೆ ಕಣ್ಣು ತುಂಬಿ ಬಂತು. ಅರುಣನಿಗೆ ಫೋಟೋ ಕಳಿಸಿದೆ. ಆಮೇಲೆ ಸೆರಗಿನಲ್ಲಿ ಕಾಯಿ ಹಿಡಿದುಕೊಂಡೇ ಖುರ್ಚಿಯ ಕಡೆ ತಿರುಗಿದಾಗ ಯಲ್ಲವ್ವ ನನ್ನ ರಟ್ಟೆ ಹಿಡಿದರು. "ತುಂಬಿದ ಉಡಿ ತಗೊಂಡು ಮತ್ತ ಕುಂಡ್ರಬಾರದವಾ. ನೆಟ್ಟಗ ಮನಿಗಿ ಹೋಗಿ ದೇವರ ಮುಂದ ಬಿಚ್ಚಬೇಕು."

"ಸಭೆ ಇನ್ನೂ ಇದೆಯಲ್ಲರೀ" ಎಂದೆ.

"ಅದನ್ನ ಅವರು ನೋಡ್ತಾರ ಏಳು. ಕೆಳಗ ಜೀಪ್ ನಿಂತೈತಿ."

ಎಲ್ಲರೂ ಹೊರಟರು. ಉಡಿ ತುಂಬಿದ್ದು ನಮಗೆ, ಎದುರಿಗೆ ಹಿರಿಯರು, ಹಬ್ಬದಂಥ ಗಳಿಗೆ. ಬೇಡ ಎಂದರೆ ಅಪಶಕುನ ನುಡಿದಂತೆ. ನಾನು ಕಾಕಾ ಕಡೆ ನೋಡಿದೆ. ಹುಡುಗಿಯರ ಮಾತು ಬಂದಾಗ ನನ್ನ ಹೆಸರು ಹೇಳಿ ಎಂದೆ. "ಹೇಳ್ತೇನಿ, ನೀ ಹೋಗವಾ ತಂಗಿ" ಎಂದು ಅಷ್ಟು ಅಕ್ಕರೆಯಿಂದ ಅಂದರು. ನಂಬಿದೆ. ಜೀಪಿನಲ್ಲಿ ದಾರಿಯುದ್ದಕ್ಕೂ ಮುದ್ದೇಬಿಹಾಳದವರಿಗೆ ನಿನ್ನ ಆಟದ ಮಾತೇ ಹೇಳಿದೆ.

ಒಳಗೆ ಉಳಿದ ಹೆಂಗಸು ವಿದ್ಯಾವತಿ ಟೀಚರ್ ಒಬ್ಬರೇ. ವಿಧವೆಗೆ ಉಡಿ ತುಂಬುವ ಪದ್ಧತಿ ಇಲ್ಲ. ಏಳಿರಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮುಂದೆ ಆದದ್ದನ್ನು ಅವರೇ ನನಗೆ ಫೋನಿನಲ್ಲಿ ಹೇಳಿದರು. ಮ್ಯಾನೇಜರ್ ವಿಷಯ ಬಂದಾಗ ಅವರು ನನ್ನ ಹೆಸರು ಎತ್ತಿದ್ದಾರೆ. ಅಧ್ಯಕ್ಷರು ನಕ್ಕು, "ನಿನ್ನೆ ಮೊನ್ನೆ ಮದಿವ್ಯಾದ ಹುಡುಗಿ ಗಂಡನ್ನ ಬಿಟ್ಟು ಬರ್ತಾಳೇನ್ರಿ ಟೀಚರ?" ಎಂದರಂತೆ. ಕಾಕಾ ಬಾಯಿ ತೆರೆಯಲಿಲ್ಲ. ಟೀಚರಿಗೆ ಪರೀಕ್ಷೆಯ ಡ್ಯೂಟಿ ಇತ್ತು, ರಜೆ ಸಿಗುವಂತಿರಲಿಲ್ಲ. "ಹಂಗಾರ ಬರೂ ಹೆಣ್ಮಕ್ಕಳು ಯಾರೂ ಇಲ್ಲ" ಎಂದು ತೀರ್ಮಾನಿಸಿ, ಇಬ್ಬರು ಗಂಡಸರ ಹೆಸರನ್ನು ಅಲ್ಲಿಂದಲೇ ಬೆಂಗಳೂರಿಗೆ ಕಳಿಸಿದರು. ಹೋದವರನ್ನು ಫೋನ್ ಮಾಡಿಯಾದರೂ ಕೇಳಿ ಎಂದು ಟೀಚರ್ ಅಂದದ್ದಕ್ಕೆ, ಹಾಜರಿಯಲ್ಲಿ ಎಲ್ಲರ ಸಹಿ ಇದೆಯಲ್ಲ, ಹೆಣ್ಣುಮಕ್ಕಳ ಲೆಕ್ಕ ತುಂಬಿದೆ ಎಂದರಂತೆ.

ಮರುದಿನ ಕಾಕಾನ ಮುಂದೆ ನಾನು ಕಣ್ಣೀರು ಹಾಕಿದೆ. ಹೆಸರು ಹೋಗಿಯಾಯಿತು, ತಿದ್ದಲು ಬರುವುದಿಲ್ಲ ಎಂದರು. ನಿನ್ನ ತಂದೆಯ ಬಳಿಗೂ ಬಂದಿದ್ದೆ, ನೀನು ಒಳಗಿನಿಂದ ಹೊರಗೆ ಬರಲಿಲ್ಲ. ನನ್ನ ಪಾಡಿಗೆ ನಾನೇ ಜೊತೆಗೆ ಹೋಗುತ್ತೇನೆ ಎಂದೆ. ಅವರು ತಕ್ಕಡಿ ಬಿಟ್ಟು ಎದ್ದು ನಿಂತು ಮಾತಾಡಿದರು. "ನಿಮ್ಮ ಮನಸ ದೊಡ್ಡದೈತ್ರಿ. ಆದ್ರ ಹುಡುಗ್ಯಾರು ಮಲಗೂ ಕೋಲಿ ಬಾಗಲದಾಗ ನೀವು ಯಾರು ಅಂತ ಕೇಳಿದ್ರ ಏನ್ ಹೇಳ್ತೀರಿ? ಹೆಸರಿದ್ದ ಆ ಗಂಡಸರು ಒಳಗ, ನೀವು ಹೊರಗ." ಅಲ್ಮಾಸ, ಅವರ ಮೇಲೆ ಸಿಟ್ಟಾಗಬೇಡ. ಬಾಲಕರ ತಂಡ ಹೋಯಿತು. ನಿಮ್ಮ ತಂಡಕ್ಕೆ ಆಳು ಕೂಡಲಿಲ್ಲ.

ಮೊನ್ನೆ ಎರಡನೆಯ ಸಭೆ ಇತ್ತು. ಮತ್ತೆ ಕುಂಕುಮದ ತಟ್ಟೆ ಬಂತು. ಉಡಿ ಕಡೆಗೆ ತುಂಬಿರಿ, ಈಗ ಮಾತಾಡೋಣ ಎಂದೆ. ಹೆಣ್ಣುಮಕ್ಕಳ ತಂಡಕ್ಕೆ ಹೆಣ್ಣು ಮ್ಯಾನೇಜರ್ ಇರಲೇಬೇಕೆಂದು ಠರಾವು ಆಗಲಿ ಎಂದೆ. ಟೀಚರ್ ಕೈ ಎತ್ತಿದರು. ಯಲ್ಲವ್ವ ನೆಲ ನೋಡುತ್ತ ಕೂತರು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆತು, ಮುಂದ ನೋಡೂಣು, ಇವತ್ತಿನ ಸಭಾ ಮುಗೀತು" ಎಂದು ಅಧ್ಯಕ್ಷರು ಎದ್ದರು. ಗಂಡಸರೆಲ್ಲ ಮೆಟ್ಟಿಲಿಳಿದು ಎದುರಿನ ಹೋಟೆಲಿಗೆ ಹೋದರು. ಕಿಟಕಿಯಿಂದ ನೋಡಿದೆ. ಎರಡು ಟೇಬಲ್ ಜೋಡಿಸಿಕೊಂಡು ಕೂತಿದ್ದರು, ಕಾಕಾ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು, ಒಬ್ಬೊಬ್ಬರೇ ತಲೆಯಾಡಿಸುತ್ತಿದ್ದರು. ಸಭೆ ಅಲ್ಲಿ ನಡೆಯುತ್ತಿತ್ತು. ಮಹಡಿಯ ಮೇಲೆ ಖಾಲಿ ಖುರ್ಚಿಗಳ ನಡುವೆ ನಾವು ಹೆಂಗಸರು ಇದ್ದೆವು, ಲೆಕ್ಕಕ್ಕೆ ಸರಿಯಾಗಿ.

ಅರುಣ ಒಳ್ಳೆಯವರು. ಮನೆಗೆ ಬಂದಾಗ ತಲೆ ನೇವರಿಸಿ, "ಮುಂದಿನ ವರ್ಷ ಆಗ್ತೈತಿ ಬಿಡು" ಎಂದರು. ಅವರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಆ ರಾತ್ರಿ ನಾನು ಉಣ್ಣಲಿಲ್ಲ. ಮುಂದಿನ ವರ್ಷ ಯಾರಿಗೋ ಆಗಬಹುದು. ನಿನ್ನ ವಯಸ್ಸು ದಾಟಿರುತ್ತದೆ. ಈ ಮಾತನ್ನು ನಿನ್ನಿಂದ ಮುಚ್ಚಿಟ್ಟು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮುಂದಿನ ಸಭೆಗೂ ಹೋಗುತ್ತೇನೆ, ಹೋಟೆಲಿನ ಟೇಬಲ್ಲಿಗೂ ಹೋಗಿ ಕೂರುತ್ತೇನೆ, ಟೀಚರೂ ಬರುತ್ತೇನೆ ಎಂದಿದ್ದಾರೆ. ಅದರಿಂದ ನಿನಗೆ ಸಿಗುವುದು ಏನೂ ಇಲ್ಲ.

ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ನಿನ್ನ ಕಾಲಿನ ಚುರುಕು ನಿನ್ನಲ್ಲೇ ಉಳಿಯಲಿ, ನನ್ನ ಮೇಲಿನ ಸಿಟ್ಟೂ ಬೇಕಾದಷ್ಟು ದಿನ ಉಳಿಯಲಿ. ಅದು ಆರಿದ ದಿನ ಬಂದು ಬಾಗಿಲು ತಟ್ಟು.

ನಿನ್ನ ದಾರಿ ನೋಡುವ ವೈನಿ,
ಶಿವಾನಿ