ಅಮ್ಮನ ಹಳೇ ಸ್ಕ್ಯಾನ್ ಇರೋ ಪೆನ್‌ಡ್ರೈವ್

ಅಕ್ಕಾ,

ಆಸ್ಪತ್ರೆಯಿಂದ ಫೋನ್ ಬಂತು, ಅಮ್ಮನ ಹತ್ತಿರ ಓಡ್ತಿದ್ದೀನಿ. ಅವಳ ತಲೆಯಲ್ಲಿ ಕಾಣ್ತಿರೋ ಕಲೆ ಹೊಸದಾ ಹಳೇದಾ ಅಂತ ಡಾಕ್ಟರಿಗೆ ಇವತ್ತೇ ಗೊತ್ತಾಗಬೇಕಂತೆ. ಹೊಸದಾದರೆ ನಾಳೆನೇ ಆಪರೇಷನ್. ಹೋದ ವರ್ಷದ ಸ್ಕ್ಯಾನ್ ಇರೋದು ಈ ಪೆನ್‌ಡ್ರೈವಲ್ಲಿ ಮಾತ್ರ.

ಬೆಳಿಗ್ಗೆ ಅಲ್ಲಿನ ಕಂಪ್ಯೂಟರಿಗೆ ಹಾಕಿದರೆ “ಫಾರ್ಮ್ಯಾಟ್ ಮಾಡಲೇ?” ಅಂತ ಕೇಳ್ತು. ಓದದೇ ಎಸ್ ಒತ್ತೋದು ನಮ್ಮ ಮನೆ ಚಾಳಿ ತಾನೇ, ಬೆರಳು ಆಗಲೇ ಹೋಗಿತ್ತು. ಒತ್ತಿದ್ದರೆ ಎಲ್ಲ ಅಳಿಸಿಹೋಗ್ತಿತ್ತು. ತಕ್ಷಣ ಕಿತ್ಕೊಂಡು ಬಂದೆ.

ಅದು ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಮಾತ್ರ ತೆರೆಯುತ್ತೆ. ಕಮಾಂಡ್ ಟೈಪ್ ಮಾಡೋ ಕಪ್ಪು ಪರದೆ ತೆರೆದಿಟ್ಟಿದ್ದೀನಿ, ಮುಚ್ಚಬೇಡ. ವೈರ್ ಕೀಳಬೇಡ, ಬ್ಯಾಟರಿ ಸತ್ತಿದೆ. ಅದಕ್ಕೇ ಜೊತೆಗೆ ಒಯ್ಯಲಿಲ್ಲ.

ಪೆನ್‌ಡ್ರೈವ್ ಸಿಕ್ಕಿಸಿ ಇದನ್ನ ಟೈಪ್ ಮಾಡು:

lsblk

ಡಿಸ್ಕುಗಳ ಪಟ್ಟಿ ಬರುತ್ತೆ. ಅದರಲ್ಲಿ 16 ಜಿಬಿ ಆಸುಪಾಸಿನದು ಪೆನ್‌ಡ್ರೈವ್. ಅದರ ಕೆಳಗೆ sdb1 ಅಂತಿದ್ದರೆ ಮಾತ್ರ ಅದನ್ನ ತೆರೆಯೋ ಈ ಮುಂದಿನ ಸಾಲು ಹೊಡಿ. ಬೇರೇನಾದರೂ ಇದ್ದರೆ ಕೈ ತೆಗೆದು ನನಗೆ ಫೋನ್ ಮಾಡು.

sudo mount -o ro /dev/sdb1 /mnt

ಆ ro ಮರೆತೀಯ, ಜೋಕೆ. ಅದಿದ್ದರೆ ಓದೋಕಷ್ಟೇ ಆಗೋದು, ಅಳಿಸೋಕಾಗಲ್ಲ. ಪಾಸ್‌ವರ್ಡ್ ಕೇಳಿದರೆ ನಿನ್ನ ಟೈಲರ್ ಅಂಗಡಿ ಹೆಸರೇ, ನಗಬೇಡ. ಆಮೇಲೆ mnt ಫೋಲ್ಡರಲ್ಲಿರೋದನ್ನೆಲ್ಲ ನನಗೆ ಮೇಲ್ ಮಾಡು.

ನಾನೇ ಮಾಡೋಣ ಅಂದರೆ ಆತುರದಲ್ಲಿ ಎರಡು ಸಲ ತಪ್ಪು ಹೊಡೆದೆ, ಭಯವಾಗಿ ಬಿಟ್ಟೆ. ನೀನು ಸೂಜಿಗೆ ದಾರ ಪೋಣಿಸೋ ಹಾಗೆ ನಿಧಾನಕ್ಕೆ ಮಾಡು.

ಚಿತ್ರ ತೆರೆದು ನೋಡಬೇಡ. ನಾನೂ ನೋಡಲ್ಲ. ಆ ಕಲೆ ಹೋದ ವರ್ಷವೂ ಅವಳ ತಲೆಯಲ್ಲಿ ಇದ್ದಿರಲಿ ಅಂತ ಬೇಡಿಕೊಳ್ತಾ ಹೋಗ್ತಿದ್ದೀನಿ.